ಒಬ್ಬ ಸಹೋದರಿಗಾಗಿ

ಆ ಕ್ರೈಸ್ತ ಸಭೆಯ ಪ್ರಾರ್ಥನೆಯಲ್ಲಿ ಯಾರೂ ತಮಗಾಗಿ ಏನನ್ನೂ ಕೇಳಿಕೊಳ್ಳುತ್ತಿರಲಿಲ್ಲ. ಎಲ್ಲಿಯೂ ಬರೆದಿಟ್ಟ ನಿಯಮವಲ್ಲ ಅದು. ಬರೆದಿಡದೆ ಇದ್ದದ್ದರಿಂದಲೇ ಬಹುಶಃ ಅಷ್ಟು ಗಟ್ಟಿಯಾಗಿ ಉಳಿದಿತ್ತು. ಬಹಳ ಹಿಂದೆ ಇದ್ದ ಮೊದಲ ಸಭಾಪಾಲಕರಿಗೆ ಭಾನುವಾರ ಬಂತೆಂದರೆ ಜನರ ಬೇಡಿಕೆ ಕೇಳಿ ಕೇಳಿ ಸಾಕಾಗಿಹೋಗಿತ್ತಂತೆ. ನನ್ನ ಮಗನಿಗೆ ಕೆಲಸ, ನನ್ನ ಮನೆಗೆ ಬಾಡಿಗೆದಾರರು, ನನ್ನ ಮಂಡಿಗೆ ಆರಾಮ. ಒಂದು ದಿನ ಅವರು ಪೀಠದಿಂದಲೇ ಹೇಳಿಬಿಟ್ಟರು: "ಇನ್ನು ಮೇಲೆ ಇಲ್ಲಿ ಯಾರೂ ತಮಗೋಸ್ಕರ ಕೇಳೋದು ಬೇಡ. ನೀವು ಇನ್ನೊಬ್ಬರಿಗೋಸ್ಕರ ಕೇಳಿ. ನಿಮಗೋಸ್ಕರ ಇನ್ನೊಬ್ಬರು ಕೇಳ್ತಾರೆ."

ಮಾತು ಚೆನ್ನಾಗಿತ್ತು. ಜನ ಕಣ್ಣಿಗೊತ್ತಿಕೊಂಡರು. ಆದರೆ ಮಂಡಿನೋವು ಸಭಾಪಾಲಕರ ಮಾತು ಕೇಳುತ್ತದೆಯೇ? ಬರಬರುತ್ತ ಜನ ಒಂದು ದಾರಿ ಕಂಡುಕೊಂಡರು. "ಒಬ್ಬ ಸಹೋದರನಿಗಾಗಿ ಪ್ರಾರ್ಥಿಸೋಣ, ಅವರಿಗೆ ಮೆಟ್ಟಿಲು ಹತ್ತೋಕೆ ಆಗ್ತಾ ಇಲ್ಲ" ಎಂದು ತಮ್ಮ ಮಂಡಿಯನ್ನು ತಾವೇ ಹಿಡಿದುಕೊಂಡು ಎದ್ದು ನಿಂತು ಹೇಳುತ್ತಿದ್ದರು. ಯಾರೂ ನಗುತ್ತಿರಲಿಲ್ಲ. ಹಾಗೆ ಹೇಳುವಾಗ ಯಾರೂ ತಿರುಗಿ ನೋಡುತ್ತಲೂ ಇರಲಿಲ್ಲ. ನೋಡುವುದು ಅಸಭ್ಯ. ಎಲ್ಲರೂ ತಲೆ ತಗ್ಗಿಸಿ ಮುಂದಿನ ಬೆಂಚಿನ ಬೆನ್ನನ್ನೇ ನೋಡುತ್ತ ಕೂರುತ್ತಿದ್ದರು. ಆ ಒಬ್ಬರು ಯಾರು ಎಂಬ ಪತ್ತೆದಾರಿಯೆಲ್ಲ ಆರಾಧನೆ ಮುಗಿದ ಮೇಲೆ, ಹಿಂದಿನ ಮೇಜಿನ ಬಳಿ, ಚಹಾದ ಲೋಟ ಕೈಗೆ ಬಂದ ಮೇಲೆ.

ಹೀಗಿರುವಾಗ ಒಂದು ಭಾನುವಾರ ಸೂಜಿಯಕ್ಕ ಎದ್ದು ನಿಂತಳು.

ಸೂಜಿಯಕ್ಕ ಎಂಬುದು ಸಭೆಯ ಮಕ್ಕಳು ಇಟ್ಟ ಹೆಸರು. ದೊಡ್ಡವರಿಗೂ ಅದೇ ರೂಢಿಯಾಗಿತ್ತು. ಒಂದು ಸಣ್ಣ ಕ್ಲಿನಿಕ್ಕಿನ ಲ್ಯಾಬಿನಲ್ಲಿ ಅವಳಿಗೆ ರಕ್ತ ತೆಗೆಯುವ, ಪರೀಕ್ಷಿಸುವ ಕೆಲಸ. ಸಭೆಯ ಅರ್ಧ ಜನರ ತೋಳಿನ ನರ ಅವಳಿಗೆ ಪರಿಚಯ. ಯಾರ ಸಕ್ಕರೆ ಎಷ್ಟು, ಯಾರ ಕೊಬ್ಬು ಎಷ್ಟು ಎಂದು ಗೊತ್ತಿದ್ದೂ ತುಟಿ ಬಿಚ್ಚದವಳು ಎಂದು ಒಳ್ಳೆಯ ಹೆಸರಿತ್ತು.

"ಒಬ್ಬ ಸಹೋದರಿಗಾಗಿ ಪ್ರಾರ್ಥಿಸೋಣ" ಎಂದಳು. ದನಿ ಅವಳಿಗೇ ಬೇರೆ ಯಾರದೋ ಎನ್ನಿಸಿತು. "ಅವರ ರಕ್ತದಲ್ಲಿ ಏನೋ ಸರಿಯಿಲ್ಲ. ದೊಡ್ಡ ಆಸ್ಪತ್ರೇಲಿ ಮೂಳೆ ಒಳಗಿನ ಮಜ್ಜೆ ತೆಗೆದು ನೋಡಬೇಕು ಅಂದಿದ್ದಾರೆ. ಅವರು ಇನ್ನೂ ಮನೇಲಿ ಹೇಳಿಲ್ಲ. ಒಬ್ಬರೇ ಹೋಗೋಕೆ ಭಯ ಅವರಿಗೆ."

ಕೂತಳು. ಪಕ್ಕದಲ್ಲಿ ಅತ್ತೆ "ಪಾಪ" ಎಂದು ಉಸಿರುಬಿಟ್ಟರು. ಆ ಪಕ್ಕದಲ್ಲಿ ಗಂಡ ಕೈಮುಗಿದು ಕಣ್ಣು ಮುಚ್ಚಿದ. ಯಾರೂ ತಿರುಗಿ ನೋಡಲಿಲ್ಲ.

ಕೆಲವು ತಿಂಗಳಿಂದ ಅವಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ಕಾಲಿನ ಮೇಲೆ ಎಲ್ಲೂ ತಾಗದೆಯೇ ಕಪ್ಪು ಕಲೆಗಳು. ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ಯಾರೂ ಇಲ್ಲದಾಗ ಎಡಗೈಗೆ ತಾನೇ ಪಟ್ಟಿ ಕಟ್ಟಿಕೊಂಡು, ಪಟ್ಟಿಯ ತುದಿಯನ್ನು ಹಲ್ಲಿನಲ್ಲಿ ಹಿಡಿದು, ತನ್ನ ರಕ್ತ ತಾನೇ ತೆಗೆದಿದ್ದಳು. ಟ್ಯೂಬಿನ ಮೇಲೆ ಹೆಸರು ಬರೆಯಲಿಲ್ಲ. ಯಂತ್ರ ಕೊಟ್ಟ ಅಂಕಿ ನೋಡಿ ಯಂತ್ರ ಕೆಟ್ಟಿದೆ ಎಂದುಕೊಂಡಳು. ಯಂತ್ರ ಸರಿಯಾಗಿಯೇ ಇತ್ತು. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಬಣ್ಣ ಹಳೆಯದಾಗಿದೆ ಎಂದುಕೊಂಡು ಹೊಸ ಬಣ್ಣ ತೆಗೆದು ಮತ್ತೆ ನೋಡಿದಳು. ಬೇರೆಯವರ ರಕ್ತವಾಗಿದ್ದರೆ ಮೊದಲ ಸಲವೇ ನಂಬುತ್ತಿದ್ದಳು.

ಕ್ಲಿನಿಕ್ಕಿನ ಡಾಕ್ಟರು ದೊಡ್ಡ ಆಸ್ಪತ್ರೆಗೆ ಫೋನು ಮಾಡಿ ಎರಡು ವಾರದಾಚೆಯ ಬುಧವಾರಕ್ಕೆ ಸಮಯ ಗೊತ್ತುಮಾಡಿಕೊಟ್ಟರು. "ಏನೇ ಇದ್ರೂ ಇರಬಹುದು, ಏನೂ ಇಲ್ಲದೇನೂ ಇರಬಹುದು. ಆದ್ರೆ ಒಬ್ಬರೇ ಹೋಗಬೇಡಿ. ಮನೆಯವರನ್ನ ಕರ್ಕೊಂಡು ಹೋಗಿ" ಎಂದರು. ಅವಳು "ಆಯ್ತು ಸರ್" ಎಂದಳು. ಪ್ರತಿದಿನ ಬೇರೆಯವರಿಗೆ "ಏನಿಲ್ಲ, ಇರುವೆ ಕಚ್ಚಿದ ಹಾಗೆ" ಎಂದು ಹೇಳಿ ಅಭ್ಯಾಸವಾದ ಬಾಯಿ ಅವಳದು. ಅದೇ ಬಾಯಿಂದ ಗಂಡನಿಗೆ ಹೇಳಲು ಮಾತು ಹುಡುಕಿದಳು. ಮೊದಲ ಪದವೇ ಸಿಗಲಿಲ್ಲ. ಸಿಕ್ಕಿದ್ದು ಸಭೆಯ ಪದ: ಒಬ್ಬ ಸಹೋದರಿ.

ಹೇಳುವಾಗ ಅವಳಿಗೆ ಒಂದು ಆಸೆ ಇತ್ತು. ಯಾರಾದರೂ ತಿಳಿದುಕೊಂಡುಬಿಡಲಿ ಎಂಬ ಆಸೆ.

ತಿಳಿದುಕೊಂಡರು. ಆದರೆ ತಪ್ಪು ತಿಳಿದುಕೊಂಡರು.

"ನಾನು ಕೇಳಲ್ಲ, ನೀನು ಹೇಳಬೇಡ" ಎಂದು ಚಹಾದ ಮೇಜಿನ ಬಳಿ ಬೇಕರಿಯಮ್ಮ ಅವಳ ಮೊಣಕೈ ಹಿಡಿದರು. ಬೇಕರಿ ನಡೆಸುವ ಅವರು ಚಹಾದ ಉಸ್ತುವಾರಿಯನ್ನೂ ಸಭೆಯ ಸುದ್ದಿಗಳ ಉಸ್ತುವಾರಿಯನ್ನೂ ಒಟ್ಟಿಗೆ ನೋಡಿಕೊಳ್ಳುತ್ತಿದ್ದರು.

"ನಾನು ಹೇಳಲ್ಲ ಅಮ್ಮ."

"ಹೇಳಲೂ ಬಾರದು. ನಿನ್ನ ಕೆಲಸ ಅಂಥದ್ದು. ಆದ್ರೆ ಟೈಲರಕ್ಕ ಯಾಕೆ ಇಷ್ಟು ವಾರದಿಂದ ಬಂದಿಲ್ಲ?"

"ನನಗೆ ಗೊತ್ತಿಲ್ಲ."

"ನೋಡಿದ್ರಾ!" ಬೇಕರಿಯಮ್ಮ ಉಳಿದವರ ಕಡೆ ತಿರುಗಿದರು. "ಎಷ್ಟು ಚೆನ್ನಾಗಿ ಗೊತ್ತಿಲ್ಲ ಅಂತಾಳೆ!"

"ಇಲ್ಲ ಅಮ್ಮ, ನಿಜವಾಗ್ಲೂ ಟೈಲರಕ್ಕ ಅಲ್ಲ."

"ಹಾಗಾದ್ರೆ ಯಾರು?"

ಸೂಜಿಯಕ್ಕನ ಬಾಯಿ ತೆರೆದದ್ದು ಹಾಗೆಯೇ ಮುಚ್ಚಿಕೊಂಡಿತು. ಅದೇ ಸಾಕಾಯಿತು. ಸಂಜೆಯಾಗುವಷ್ಟರಲ್ಲಿ ಟೈಲರಕ್ಕನ ಮನೆಯ ಮುಂದೆ ಜನ ಜಮಾಯಿಸಿದ್ದರು.

ಅದೇ ವಾರ ಸಭೆಗೂ ಒಂದು ಪರೀಕ್ಷೆಯಿತ್ತು. ಸಭೆಗಳನ್ನೆಲ್ಲ ನೋಡಿಕೊಳ್ಳುವ ಮಂಡಳಿಯವರು ಈ ಸಭೆಯ ಆತ್ಮಿಕ ಆರೋಗ್ಯ ಹೇಗಿದೆ, ಬೆಳೆಯುತ್ತಿದೆಯೋ ಸೊರಗುತ್ತಿದೆಯೋ ನೋಡಿಬರಲು ಒಬ್ಬರನ್ನು ಕಳುಹಿಸುತ್ತಿದ್ದರು. ಚೆನ್ನಾಗಿದೆ ಎಂದರೆ ಸಭೆಗೆ ತನ್ನದೇ ಸಭಾಪಾಲಕರು ಉಳಿಯುತ್ತಾರೆ. ಇಲ್ಲವೆಂದರೆ ಪಟ್ಟಣದ ಆಚೆ ತುದಿಯ ದೊಡ್ಡ ಸಭೆಯೊಳಗೆ ಇದನ್ನು ಸೇರಿಸಿಬಿಡುತ್ತಾರೆ. ಈಗಿನ ಸಭಾಪಾಲಕರನ್ನು ಜನ ಅಯ್ಯನವರೇ ಎಂದು ಕರೆಯುತ್ತಿದ್ದರು. ವಯಸ್ಸು ಇನ್ನೂ ಚಿಕ್ಕದು, ಗಾಬರಿ ದೊಡ್ಡದು. ಅವರು ಕಿಟಕಿಗಳಿಗೆ ಬಣ್ಣ ಹೊಡೆಸಿದರು, ಹಾಡುವವರಿಗೆ ದಿನಾ ಅಭ್ಯಾಸ ಮಾಡಿಸಿದರು, ಬಾರದವರ ಮನೆಮನೆಗೆ ಹೋಗಿ ಕರೆದರು. ಇದನ್ನೆಲ್ಲ ನೋಡುತ್ತ ಸೂಜಿಯಕ್ಕನಿಗೆ ಲ್ಯಾಬಿಗೆ ಬರುವವರ ನೆನಪಾಗುತ್ತಿತ್ತು. ವರ್ಷವಿಡೀ ಸಿಹಿ ತಿಂದು, ಪರೀಕ್ಷೆಗೆ ಎರಡು ದಿನ ಇದೆ ಎನ್ನುವಾಗ ಪಥ್ಯ ಹಿಡಿದು, "ಈ ಸಲ ಕಡಿಮೆ ಬರಬೇಕು ನೋಡಿ" ಎಂದು ನಗುತ್ತ ತೋಳು ಚಾಚುವವರು. ಅವರ ಮೇಲೆ ಅವಳಿಗೆ ಸಿಟ್ಟು ಬರುತ್ತಿರಲಿಲ್ಲ. ಭಯವಾದಾಗ ಮನುಷ್ಯ ಇನ್ನೇನು ಮಾಡುತ್ತಾನೆ?

ಅಯ್ಯನವರಿಗೆ ಟೈಲರಕ್ಕನ ಕಾಯಿಲೆ ಒಂದು ದೊಡ್ಡ ಸಮಾಧಾನ ತಂದಿತ್ತು. "ಒಬ್ಬರಿಗೆ ಕಷ್ಟ ಅಂದ ತಕ್ಷಣ ಇಡೀ ಸಭೆ ಎದ್ದು ನಿಂತಿತು. ಇದಕ್ಕಿಂತ ಸಾಕ್ಷಿ ಬೇಕಾ?" ಎಂದು ಕ್ಲಿನಿಕ್ಕಿನವರೆಗೂ ಬಂದು ಹೇಳಿಹೋದರು. "ಬರುವ ಮೇಡಂ ಹತ್ರ ನೀವೂ ಮಾತಾಡಬೇಕು ಅಕ್ಕ. ನಿಮ್ಮಿಂದ ತಾನೇ ಇದು ಶುರುವಾದದ್ದು."

ಮನೆಯಲ್ಲಿ ಅತ್ತೆ ದೊಡ್ಡ ಪಾತ್ರೆ ಒಲೆಯ ಮೇಲೆ ಇಟ್ಟಿದ್ದರು.

"ಏನದು ಅತ್ತೆ?"

"ಸೂಪು. ಟೈಲರಮ್ಮನಿಗೆ. ಕಟುಕನ ಹತ್ರ ಜಗಳ ಆಡಿ ಮಜ್ಜೆ ಇರೋ ಮೂಳೇನೇ ತಂದಿದೀನಿ. ಅವಳ ಮೂಳೆಯೊಳಗೆ ಏನೋ ಕಮ್ಮಿ ಅಂದ್ಯಲ್ಲ, ಮೂಳೆಗೆ ಮೂಳೇನೇ ಮದ್ದು."

ಮಂಕಾದ ಅಡುಗೆಮನೆಯ ತುಂಬ ಬಿಸಿ ವಾಸನೆ ಹರಡಿತ್ತು. ಸೂಜಿಯಕ್ಕ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. "ನನಗೂ ಒಂದು ಲೋಟ ಕೊಡಿ ಅತ್ತೆ" ಎಂದಳು.

"ನಿನಗೇನಾಗಿದೆ? ಗುಂಡುಕಲ್ಲಿನ ಹಾಗಿದೀಯ. ಕಾಯಿಲೆ ಬಿದ್ದೋರ ಪಾಲಿಗೆ ಕಣ್ಣು ಹಾಕಬೇಡ."

ಒಳಗಿನಿಂದ ಗಂಡನ ನಗು ಕೇಳಿತು. ಅವನು ಶಾಲೆಯ ವ್ಯಾನು ಓಡಿಸುತ್ತಿದ್ದ. ದಿನವಿಡೀ ಮಕ್ಕಳ ಗದ್ದಲದಲ್ಲಿದ್ದು ಮನೆಗೆ ಬಂದರೂ ತಮಾಷೆಯ ಮನುಷ್ಯ. "ಅಮ್ಮ, ನಿನ್ನ ಸೊಸೆಗೆ ಒಂದು ಚಮಚ ಕೊಡು. ಊರವರ ರಕ್ತ ಹೀರ್ತಾಳೆ, ಅವಳಿಗೂ ಬಾಯಾರಿಕೆ ಆಗುತ್ತೆ."

ಈಗ ಹೇಳಬೇಕು ಎಂದುಕೊಂಡಳು. ಆದರೆ ಹೋದ ವರ್ಷ ಮಾವ ಆಸ್ಪತ್ರೆಯಲ್ಲಿ ಮಲಗಿದಾಗ ಇದೇ ಗಂಡ ಹಗಲೆಲ್ಲ ಇದೇ ರೀತಿ ನಗಿಸಿ, ಆಮೇಲೆ ವ್ಯಾನಿನೊಳಗೆ ಒಬ್ಬನೇ ಕೂತು ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತದ್ದನ್ನು ಅವಳು ಕಿಟಕಿಯಿಂದ ನೋಡಿದ್ದಳು. ಈ ನಗುವನ್ನು ತಾನೇ ನಂದಿಸಬೇಕೇ? ಡಬ್ಬಿಗೆ ಮುಚ್ಚಳ ಬಿಗಿದು, ತನಗಾಗಿ ಎಂದು ಯಾರಿಗೂ ಗೊತ್ತಿಲ್ಲದ ಸೂಪನ್ನು ಕೈಯಲ್ಲಿ ಹಿಡಿದು, ಬೀದಿಯ ಕೊನೆಯ ಟೈಲರಕ್ಕನ ಮನೆಗೆ ಹೊರಟಳು.

ಟೈಲರಕ್ಕ ಕಿಟಕಿಯ ಬಳಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದವರು ಹೆಜ್ಜೆ ಸದ್ದು ಕೇಳಿದ್ದೇ ಎದ್ದು, ಮಂಚದ ಮೇಲೆ ಕುಸಿದು, ಕುತ್ತಿಗೆಯವರೆಗೆ ಶಾಲು ಎಳೆದುಕೊಂಡರು. ಬಂದದ್ದು ಯಾರೆಂದು ನೋಡಿ ಶಾಲು ಕಿತ್ತೊಗೆದರು.

"ನೀನಾ? ಸದ್ಯ. ಬಾಗಿಲು ಹಾಕು."

ಮೇಜಿನ ಮೇಲೆ ಹಣ್ಣು, ಬ್ರೆಡ್ಡು, ಬೇಕರಿಯ ಕೇಕು, ಬೇಯಿಸಿದ ಮೊಟ್ಟೆ, ಯಾರೋ ತಂದ ಬಿಸಿನೀರಿನ ಚೀಲ. ಅಂಗಡಿ ಇಟ್ಟ ಹಾಗಿತ್ತು.

"ಏನಮ್ಮಾ ಇದು?" ಟೈಲರಕ್ಕ ದನಿ ತಗ್ಗಿಸಿ ಕೇಳಿದರು. "ನನ್ನ ರಕ್ತ ಯಾವತ್ತು ತೆಗೆದೆ ನೀನು? ನನಗೇನು ಕಾಯಿಲೆ? ನನಗಾದ್ರೂ ಹೇಳು."

"ನಿಮಗೇನಿಲ್ಲ ಅಕ್ಕ. ನಾನು ನಿಮ್ಮ ವಿಷಯ ಹೇಳಲೇ ಇಲ್ಲ. ಅವರೇ ಅಂದುಕೊಂಡ್ರು."

"ಗೊತ್ತಾಯ್ತು. ಈ ಸಭೆಯ ಬುದ್ಧಿ ನನಗೆ ಹೊಸದಾ?" ಟೈಲರಕ್ಕ ಸೂಪಿನ ಡಬ್ಬಿ ತೆರೆದು ಮೂಸಿದರು. "ನಾನ್ಯಾಕೆ ಬರೋದು ಬಿಟ್ಟೆ ಗೊತ್ತಾ? ನನ್ನ ಮಗಳು ಜಗಳ ಆಡಿ ಮನೆ ಬಿಟ್ಟು ಹೋದಳಲ್ಲ, ಫೋನೂ ಎತ್ತಲ್ಲ. ಆಗ ನಾನೂ ಎದ್ದು ನಿಂತು ಹೇಳಿದೆ, ಒಬ್ಬ ಸಹೋದರಿಗೆ ಮಗಳ ಮುಖ ನೋಡದೆ ಜೀವ ಹೋಗ್ತಾ ಇದೆ ಅಂತ. ಇವರೆಲ್ಲ ಸೇರಿ ಅದು ಬೇಕರಿಯಮ್ಮ ಅಂತ ತೀರ್ಮಾನ ಮಾಡಿದ್ರು. ಗುಂಪಾಗಿ ಹೋಗಿ ಅವಳನ್ನ ಸಮಾಧಾನ ಮಾಡಿಬಂದ್ರು. ಅವಳ ಮಗಳು ಅವಳ ಪಕ್ಕದಲ್ಲೇ ಗಲ್ಲಾಪೆಟ್ಟಿಗೆ ಮುಂದೆ ಕೂತಿದ್ದಾಳೆ! ಆದ್ರೂ ಆಯಮ್ಮ ಎಲ್ಲರ ಹೆಗಲ ಮೇಲೂ ಅತ್ಲಂತೆ."

ಸೂಜಿಯಕ್ಕನಿಗೆ ನಗು ಬಂತು.

"ನಗು, ನಗು. ನನಗೆ ಮಾತ್ರ ರೋಷ ಬಂತು. ನನ್ನ ದುಃಖಾನ ಬೇರೆಯವರ ಮನೆಗೆ ತಲುಪಿಸಿಬಂದ್ರಲ್ಲ ಅಂತ. ಹೋಗೋದೇ ಬಿಟ್ಟೆ. ಯಾರಾದ್ರೂ ಬಂದು ಯಾಕೆ ಅಂತ ಕೇಳ್ತಾರೇನೋ ಅಂತ ಬಾಗಿಲು ನೋಡ್ತಾ ಕೂತೆ." ಟೈಲರಕ್ಕ ಎರಡು ಲೋಟಕ್ಕೆ ಸೂಪು ಬಗ್ಗಿಸಿದರು. "ಈಗ ನೋಡು, ಯಾರದೋ ಪಾಲು ನನ್ನ ಬಾಗಿಲಿಗೆ ಬಂತು. ಮೊದಲನೇ ದಿನ ಹೇಳಿಬಿಡೋಣ ಅಂದ್ಕೊಂಡೆ, ನಾನಲ್ಲ ಅಂತ. ಬಾಯಿ ಬರಲಿಲ್ಲ. ಆ ಕುರ್ಚೀಲಿ ಒಬ್ಬರು ಬಂದು ಕೂತು ಎಷ್ಟು ದಿನ ಆಗಿತ್ತು ಅಂತೀಯ! ಅಯ್ಯನವರು ಬಂದಾಗ ಸ್ವಲ್ಪ ಕೆಮ್ಮಿದೆ ಕೂಡ. ಅಷ್ಟು ದೂರದಿಂದ ಬಂದಿದ್ರು, ಬರಿಗೈಲಿ ಕಳಿಸೋದು ಹೇಗೆ?"

ಇಬ್ಬರೂ ನಕ್ಕರು. ಟೈಲರಕ್ಕ ಲೋಟವನ್ನು ಅವಳ ಕೈಗಿಟ್ಟರು.

"ತಮಾಷೆ ಇರಲಿ. ಆ ಹೆಣ್ಣು ಯಾರು? ನಿನಗೆ ಗೊತ್ತು. ಇಲ್ಲೇ ಎಲ್ಲೋ ಕೂತು ನೋಡ್ತಾ ಇರ್ತಾಳೆ, ತನಗೆ ಬರಬೇಕಾದದ್ದೆಲ್ಲ ನನ್ನ ಮೇಜಿನ ಮೇಲೆ ಬಂದು ಬೀಳೋದನ್ನ. ನನಗೆ ಆ ಸಂಕಟ ಗೊತ್ತು. ಹೆಸರು ಹೇಳು, ನಾನೇ ಹೋಗಿ ಕೊಟ್ಟುಬರ್ತೀನಿ."

ಸೂಪು ಬಿಸಿಯಾಗಿತ್ತು. ಸೂಜಿಯಕ್ಕ ಅದನ್ನು ಗುಟುಕು ಗುಟುಕಾಗಿ ಕುಡಿದಳು.

"ಹೇಳೋ ಹಾಗಿಲ್ಲ ಅಕ್ಕ. ನನ್ನ ಕೆಲಸ ಅಂಥದ್ದು" ಎಂದಳು.

ಶನಿವಾರ ಮಂಡಳಿಯ ಮೇಡಂ ಬಂದರು. ನಿವೃತ್ತ ಮುಖ್ಯೋಪಾಧ್ಯಾಯಿನಿ. ಕೈಯಲ್ಲೊಂದು ಚೀಲ, ಅದರಿಂದ ಅವರು ಕನ್ನಡಕವೊಂದನ್ನು ಬಿಟ್ಟು ಏನನ್ನೂ ತೆಗೆಯಲಿಲ್ಲ. ಹಾಡು ಕೇಳಿದರು, ಭಾನುವಾರದ ಶಾಲೆಯ ಮಕ್ಕಳ ಜೊತೆ ನೆಲದ ಮೇಲೆ ಕೂತರು. ಅಯ್ಯನವರು ಈ ವರ್ಷ ಎಷ್ಟು ಮಂದಿ ಹೊಸಬರು, ಎಷ್ಟು ಮಂದಿಗೆ ದೀಕ್ಷಾಸ್ನಾನ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದ್ದನ್ನು ತಲೆಯಾಡಿಸುತ್ತ ಕೇಳಿದರು. ಆಮೇಲೆ ಪೀಠದ ಹಿಂದಿನ ಚಿಕ್ಕ ಕೋಣೆಯಲ್ಲಿ ಕೂತು ಒಬ್ಬೊಬ್ಬರನ್ನೇ ಕರೆದರು.

ಸೂಜಿಯಕ್ಕ ಎದುರಿನ ಕುರ್ಚಿಯಲ್ಲಿ ಕೂತಳು. ಮೇಜು ಸಣ್ಣದು. ತೋಳು ಇಡಲು ಜಾಗವಿತ್ತು. ಯಾಕೋ ಅವಳು ಎಡಗೈಯನ್ನು ಮೇಜಿನ ಮೇಲೆ ಇಟ್ಟು, ಏನು ಮಾಡುತ್ತಿದ್ದೇನೆಂದು ಹೊಳೆದು, ಹಿಂದಕ್ಕೆ ಎಳೆದುಕೊಂಡಳು. ತೋಳಿನ ಒಳಗೆ ಚುಚ್ಚಿದ ಜಾಗ ಇನ್ನೂ ನೀಲಿಯಾಗಿತ್ತು.

"ನಿಮ್ಮ ಸಭೆ ಬಗ್ಗೆ ಎಲ್ಲರೂ ಒಳ್ಳೇದೇ ಹೇಳಿದ್ರು" ಎಂದರು ಮೇಡಂ. "ನಾನು ಎಲ್ಲರಿಗೂ ಒಂದೇ ಪ್ರಶ್ನೆ ಕೇಳ್ತಾ ಇದೀನಿ. ನಾಳೆ ನಿಮಗೊಂದು ಕಷ್ಟ ಬಂತು ಅಂತಿಟ್ಕೊಳ್ಳಿ. ಈ ಸಭೇಲಿ ಮೊದಲು ಯಾರಿಗೆ ಹೇಳ್ತೀರಿ?"

ಬಾಗಿಲ ಆಚೆ ಅಯ್ಯನವರು ಅತ್ತಿಂದಿತ್ತ ನಡೆಯುತ್ತಿದ್ದ ಸದ್ದು ಕೇಳುತ್ತಿತ್ತು.

"ಯಾರಿಗಾದ್ರೂ ಹೇಳಬಹುದು ಮೇಡಂ. ಅಷ್ಟು ಒಳ್ಳೆಯವರು ಎಲ್ಲರೂ."

"ಯಾರಿಗಾದ್ರೂ ಅಂದ್ರೆ?"

"ಎಲ್ಲರಿಗೂ."

"ಎಲ್ಲರಿಗೂ ಹೇಳಬಹುದಾದದ್ದು ಕಷ್ಟ ಅಲ್ಲಮ್ಮ, ಸುದ್ದಿ" ಎಂದರು ಮೇಡಂ. ಕಟುವಾಗಿ ಹೇಳಲಿಲ್ಲ. ಹೇಳಿ ಕಾದರು. ಹೀಗೆ ಕಾಯುವುದು ಸೂಜಿಯಕ್ಕನಿಗೂ ಗೊತ್ತಿತ್ತು. ನರ ಸಿಗದ ತೋಳು ಬಂದಾಗ ಅವಳೂ ಚುಚ್ಚುವ ಅವಸರ ಮಾಡುತ್ತಿರಲಿಲ್ಲ. ಬೆರಳಿಟ್ಟು, ಸುಮ್ಮನೆ, ಅದು ತಾನಾಗಿ ಏಳುವವರೆಗೆ ಕಾಯುತ್ತಿದ್ದಳು. ಹಾಗಾಗಿ ಎದುರಿನವರ ಕಾಯುವಿಕೆ ಅರ್ಥವಾಯಿತು, ಅರ್ಥವಾದದ್ದರಿಂದಲೇ ಅವಳು ಎದ್ದಳು.

"ಟೈಲರಕ್ಕನಿಗೆ ಕಾಯಿಲೆ ಅಂದಾಗ ಎಲ್ಲರೂ ಹೋದ್ರು ಮೇಡಂ" ಎಂದಳು. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ.

ಹೊರಗೆ ಅಯ್ಯನವರು, ಲ್ಯಾಬಿನ ಬಾಗಿಲಲ್ಲಿ ರೋಗಿಯ ಮನೆಯವರು ಕೇಳುವ ಹಾಗೆ, "ಹೇಗಿದೆ?" ಎಂದು ಕೇಳಿದರು. "ಚೆನ್ನಾಗಿದೆ" ಎಂದು, ಆ ಮನೆಯವರಿಗೆ ಹೇಳುವ ಹಾಗೆಯೇ ಹೇಳಿದಳು.

ಭಾನುವಾರ ಬೆಂಚುಗಳು ತುಂಬಿದ್ದವು. ಹಾಡು ಎಲ್ಲೂ ತಪ್ಪಲಿಲ್ಲ. ಮೇಡಂ ಹಿಂದಿನ ಸಾಲಿನಲ್ಲಿ ಕೂತಿದ್ದರು. ಅಯ್ಯನವರು ಪ್ರಾರ್ಥನೆಯ ವಿಜ್ಞಾಪನೆಗಳಿಗೆ ಕರೆಯುವ ಮೊದಲು, ಎಂದೂ ಇಲ್ಲದ ಹಾಗೆ, ತಾವೇ ಮಾತು ಶುರುಮಾಡಿದರು. "ನಮ್ಮ ನಡುವೆ ಒಬ್ಬ ಸಹೋದರಿ ಗಂಭೀರ ಕಾಯಿಲೆಯಲ್ಲಿದ್ದಾರೆ. ಆದರೂ ಇವತ್ತು ಆರಾಧನೆಗೆ ಬಂದಿದ್ದಾರೆ. ಅವರ ನಂಬಿಕೆಗಾಗಿ, ಈ ಸಭೆ ತೋರಿಸಿದ ಪ್ರೀತಿಗಾಗಿ ಸ್ತೋತ್ರ ಮಾಡೋಣ. ಟೈಲರಕ್ಕ, ಒಂದು ಮಾತು ಸಾಕ್ಷಿ ಹೇಳ್ತೀರಾ?"

ಟೈಲರಕ್ಕ ಬಂದಿದ್ದರು ನಿಜ. ಶಾಲು ಹೊದ್ದಿರಲಿಲ್ಲ. ಎದ್ದು ನಿಂತರು.

"ಎಲ್ಲರೂ ಮನೆಗೆ ಬಂದ್ರಿ. ನಿಮ್ಮ ಪ್ರೀತಿಗೆ ಏನು ಹೇಳಲಿ" ಎಂದರು. ಅಯ್ಯನವರ ಮುಖ ಅರಳಿತು. "ಆದ್ರೆ ನನಗೆ ಕಾಯಿಲೆ ಇಲ್ಲ."

ಬೆಂಚುಗಳು ಕಿರುಗುಟ್ಟಿದವು.

"ನಾನು ಗುಂಡುಕಲ್ಲಿನ ಹಾಗಿದೀನಿ. ನಿಮ್ಮ ಮೇಲೆ ಸಿಟ್ಟು ಬಂದು ಮನೇಲಿ ಕೂತಿದ್ದೆ. ಯಾಕೆ ಅಂತ ಆಮೇಲೆ ಹೇಳ್ತೀನಿ, ಬೇಕರಿಯಮ್ಮನಿಗೂ ಅದರಲ್ಲಿ ಪಾಲಿದೆ. ವಾರವೆಲ್ಲ ಸುಮ್ಮನಿದ್ದು ನಿಮ್ಮ ಸೂಪು, ಕೇಕು ತಿಂದದ್ದು ನನ್ನ ತಪ್ಪು, ಕ್ಷಮಿಸಿ. ಆದ್ರೆ ಕಾಯಿಲೆಯೋರು ಬೇರೆ ಯಾರೋ ಇದ್ದಾರೆ. ಅವರ ಹತ್ರ ಯಾರೂ ಹೋಗಿಲ್ಲ. ಅವರು ಒಬ್ಬರೇ ಇದ್ದಾರೆ. ಇಷ್ಟೇ ನನ್ನ ಸಾಕ್ಷಿ."

ಕೂತರು. ಅಯ್ಯನವರು ಪೀಠದ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡು ಹಿಂದಿನ ಸಾಲನ್ನು ನೋಡಿದರು, ತಮ್ಮ ಹಾಡಿನ ಪುಸ್ತಕವನ್ನು ನೋಡಿದರು. ಇಡೀ ಸಭೆ ಅಭ್ಯಾಸದಂತೆ ತಲೆ ತಗ್ಗಿಸಿ ಮುಂದಿನ ಬೆಂಚಿನ ಬೆನ್ನಿಗೆ ಕಣ್ಣು ನೆಟ್ಟಿತು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಅಯ್ಯನವರು ಮುಂದಿನ ಹಾಡನ್ನು ಹೇಳುತ್ತಾರೆ, ಎಲ್ಲರೂ ಎದ್ದು ನಿಲ್ಲುತ್ತಾರೆ, ಇದು ದಾಟಿಹೋಗುತ್ತದೆ ಎಂದು ಸೂಜಿಯಕ್ಕನಿಗೆ ಗೊತ್ತಿತ್ತು. ಸಭೆ ಪರೀಕ್ಷೆಯಲ್ಲಿ ಹೇಗೋ ಪಾರಾಗುತ್ತದೆ. ಬುಧವಾರ ಅವಳು ಕ್ಲಿನಿಕ್ಕಿಗೆ ಹೊರಟ ಹಾಗೆಯೇ ಚೀಲ ಹಿಡಿದು ಮನೆಯಿಂದ ಹೊರಟು, ದೊಡ್ಡ ಆಸ್ಪತ್ರೆಯ ಕಡೆಯ ಬಸ್ಸು ಹತ್ತುತ್ತಾಳೆ.

ಆಗ ಯಾರೋ ತನ್ನನ್ನು ನೋಡುತ್ತಿದ್ದಾರೆ ಎನ್ನಿಸಿತು. ಆ ಸಭೆಯಲ್ಲಿ ಅಂಥ ಹೊತ್ತಿನಲ್ಲಿ ಯಾರೂ ನೋಡುವುದಿಲ್ಲ. ತಿರುಗಿದಳು. ಅತ್ತೆ ತಮ್ಮ ದೊಡ್ಡ ಕನ್ನಡಕದೊಳಗಿಂದ, ಮರ್ಯಾದೆ ಗಿರ್ಯಾದೆ ಎಲ್ಲ ಬಿಟ್ಟು, ನೇರವಾಗಿ ಅವಳನ್ನೇ ನೋಡುತ್ತಿದ್ದರು. ಒಂದು ಲೋಟ ಸೂಪು ಕೇಳಿದ ಸೊಸೆಯನ್ನು ಈಗ ಹೊಸದಾಗಿ ನೋಡುವ ಹಾಗೆ.

ಸೂಜಿಯಕ್ಕ ಎದ್ದು ನಿಂತಳು.

"ಒಬ್ಬ ಸಹೋದರಿ…" ಎಂದಳು. ಬಾಯಿಗೆ ಅದೇ ಬಂತು. ನಿಲ್ಲಿಸಿದಳು. "ಅಲ್ಲ. ನಾನು. ಅದು ನಾನೇ. ನನ್ನ ರಕ್ತದಲ್ಲೇ ಸರಿಯಿಲ್ಲ. ಬುಧವಾರ ಆಸ್ಪತ್ರೆಗೆ ಹೋಗಬೇಕು. ನನಗೆ ತುಂಬ ಭಯ ಆಗ್ತಾ ಇದೆ."

ಎಲ್ಲರ ತಲೆಗಳೂ ಎದ್ದವು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಆ ಸಭೆ ತಿರುಗಿ ನೋಡಿತು. ಅಷ್ಟೊಂದು ಕಣ್ಣುಗಳು ಒಟ್ಟಿಗೆ ತನ್ನ ಮೇಲೆ ಬಿದ್ದರೆ ನೆಲ ಬಿರಿಯುತ್ತದೆ ಎಂದುಕೊಂಡಿದ್ದಳು. ನೆಲ ಇದ್ದ ಹಾಗೆಯೇ ಇತ್ತು. ಗಂಡ ಅವಳ ಕೈ ಹಿಡಿದು ಮೆಲ್ಲಗೆ ಕೂರಿಸಿದ. ಅವನ ಅಂಗೈ ಒದ್ದೆಯಾಗಿತ್ತು.

"ನನ್ನ ಮನೇಲೇ!" ಎಂದರು ಅತ್ತೆ, ಎಲ್ಲರಿಗೂ ಕೇಳುವಷ್ಟು ಜೋರಾಗಿ. "ಎಲ್ಲರ ಮನೆಯ ಕಾಯಿಲೆಗೂ ಸೂಪು ಕುದಿಸ್ತೀನಿ, ನನ್ನ ಮನೇದು ಮಾತ್ರ ಕಾಣಲಿಲ್ಲ ನೋಡಿ!" ಆಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

ಆ ದಿನ ಮುಂದಿನ ಹಾಡು ಬರಲೇ ಇಲ್ಲ. ಬೇಕರಿಯಮ್ಮ ಎದ್ದು, ತಮ್ಮ ಮಗಳು ಎಲ್ಲೂ ಹೋಗಿಲ್ಲ, ಆದರೂ ಆವತ್ತು ಅತ್ತದ್ದು ಸುಳ್ಳಲ್ಲ, ಬೇರೆ ಕಾರಣಕ್ಕೆ ಎಂದರು. ಯಾವ ಕಾರಣ ಎಂದು ಹೇಳಲು ಹೋಗಿ ಆಗದೆ ಕೂತರು. ಮಂಡಿ ಹಿಡಿದು ನಿಲ್ಲುತ್ತಿದ್ದ ಅಜ್ಜನವರು "ನನ್ನದೇ ಮಂಡಿ" ಎಂದಾಗ ಮಾತ್ರ ಎಲ್ಲರೂ, ಅಳುತ್ತಿದ್ದವರೂ, ನಕ್ಕುಬಿಟ್ಟರು. ಮಿಕ್ಕವರಲ್ಲಿ ಹೆಚ್ಚಿನವರು ಸುಮ್ಮನೇ ಇದ್ದರು. ಇಷ್ಟು ವರ್ಷದ ರೂಢಿ ಒಂದು ಬೆಳಗಿಗೆ ಹೋಗುವುದಿಲ್ಲ.

ಚಹಾದ ಹೊತ್ತಿಗೆ ಅಯ್ಯನವರು ಮೇಡಂ ಹತ್ತಿರ ಹೋಗಿ ನಿಂತರು. "ಎಲ್ಲ ಕಲಸಿಹೋಯ್ತು ಮೇಡಂ. ವಾರವಿಡೀ ತಯಾರಿ ಮಾಡಿದ್ವಿ."

"ಕಾಣ್ತಾ ಇತ್ತು" ಎಂದರು ಮೇಡಂ, ಹೊಸ ಬಣ್ಣದ ಕಿಟಕಿ ನೋಡುತ್ತ. ಆಮೇಲೆ ಅವರ ಗಾಬರಿಯ ಮುಖ ನೋಡಿ ದನಿ ಇಳಿಸಿದರು. "ನಿಮ್ಮ ಜನ ಇನ್ನೊಬ್ಬರ ಭಾರ ಹೊರೋಕೆ ಓಡಿಬರ್ತಾರೆ. ತಮ್ಮ ಭಾರ ತೋರಿಸೋಕೆ ಮಾತ್ರ ಯಾರಿಗೂ ಬರಲ್ಲ. ನಿನ್ನೆ ನನ್ನ ಪ್ರಶ್ನೆಗೆ ಒಬ್ಬರೂ ಒಂದು ಹೆಸರು ಹೇಳಲಿಲ್ಲ ಅಯ್ಯನವರೇ. ನೀವೂ ಹೇಳಲಿಲ್ಲ. ಇದನ್ನ ಮಂಡಳಿಗೆ ಹೇಳಲೇಬೇಕು, ಹೇಳ್ತೀನಿ. ಇವತ್ತು ನೋಡಿದ್ದನ್ನೂ ಹೇಳ್ತೀನಿ. ಒಂದು ವರ್ಷ ಕಾಯಿರಿ, ನಾನೇ ಮತ್ತೆ ಹೋಗಿ ನೋಡಿಬರ್ತೀನಿ ಅಂತ ಕೇಳಿಕೊಳ್ತೀನಿ. ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ."

ಅಯ್ಯನವರು ಚಹಾದ ಲೋಟ ಕೆಳಗಿಟ್ಟರು. "ನನಗೆ ರಾತ್ರಿ ನಿದ್ದೆ ಬರ್ತಾ ಇಲ್ಲ ಮೇಡಂ" ಎಂದರು. ಸಭೆಯ ವಿಷಯವಾಗಿ ಅಲ್ಲ ಅದು, ಇನ್ನೇನೋ. ಮೇಡಂ ಪಕ್ಕದ ಕುರ್ಚಿ ಎಳೆದು ಕೊಟ್ಟರು.

ಬುಧವಾರ ದೊಡ್ಡ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಒಂದು ಜಗಳ ನಡೆಯಿತು. ರೋಗಿಯ ಜೊತೆ ಒಳಗೆ ಒಬ್ಬರನ್ನು ಮಾತ್ರ ಬಿಡುವುದು ಎಂದು ನರ್ಸು ಹೇಳಿದ್ದೇ ತಡ, ಗಂಡ ಎದ್ದ, ಟೈಲರಕ್ಕ ಎದ್ದರು, ಅತ್ತೆ ಅವರಿಬ್ಬರನ್ನೂ ಭುಜ ಹಿಡಿದು ಕೂರಿಸಿದರು.

"ನೀನು ಒಳಗೆ ಬಂದು ತಮಾಷೆ ಮಾಡ್ತೀಯ, ಅವಳು ನಗ್ತಾಳೆ, ಡಾಕ್ಟರ ಕೈ ಅಲ್ಲಾಡುತ್ತೆ. ಕೂತ್ಕೋ. ನೀವು, ಟೈಲರಮ್ಮ, ನನ್ನ ಸೂಪು ಕುಡಿದದ್ದು ಸಾಲದಾ?"

ಗಂಡ ನಗಲಿಲ್ಲ. ಹೆಂಡತಿಯ ಶಾಲನ್ನು ಸರಿಮಾಡಿದ. "ಇಲ್ಲೇ ಇರ್ತೀನಿ" ಎಂದ. ಅವನ ಕಣ್ಣು ಕೆಂಪಾಗಿತ್ತು, ಅವಳ ಎದುರಿಗೇ ಕೆಂಪಾಗಿತ್ತು.

ಒಳಗೆ ಅವಳನ್ನು ಮಗ್ಗುಲಾಗಿ ಮಲಗಿಸಿದರು. ಸೊಂಟದ ಹಿಂದಿನ ಮೂಳೆಯ ಮೇಲೆ ತಣ್ಣನೆಯ ದ್ರವ ಸವರಿದರು. ತಟ್ಟೆಯಲ್ಲಿ ಇಟ್ಟಿದ್ದ ಸೂಜಿ ಅವಳ ಲ್ಯಾಬಿನ ಸೂಜಿಗಳಂತಲ್ಲ, ದಪ್ಪಗಿತ್ತು. ನೋಡಬಾರದೆಂದುಕೊಂಡೂ ನೋಡಿದಳು. ನರ್ಸು ಚಿಕ್ಕವಳು. ಬಗ್ಗಿ, ನಯವಾಗಿ, "ಏನಿಲ್ಲ, ಸ್ವಲ್ಪ ಒತ್ತಿದ ಹಾಗಾಗುತ್ತೆ, ಅಷ್ಟೇ" ಎಂದಳು. ಅದು ಪೂರ್ತಿ ನಿಜವಲ್ಲ ಎಂದು ಸೂಜಿಯಕ್ಕನಿಗೆ ಗೊತ್ತಿತ್ತು. ಯಾಕೆ ಹಾಗೆ ಹೇಳುತ್ತಾರೆ ಎಂದೂ ಗೊತ್ತಿತ್ತು.

ಅತ್ತೆ ಅವಳ ಮುಖದ ಬಳಿ ಸ್ಟೂಲಿನ ಮೇಲೆ ಕೂತಿದ್ದರು. ಅವಳ ಕೈ ಅವರ ಎರಡೂ ಕೈಗಳ ನಡುವೆ ಇತ್ತು.

"ಅತ್ತೆ, ಪ್ರಾರ್ಥನೆ ಮಾಡಿ."

"ಯಾರಿಗೋಸ್ಕರ?"

ಅತ್ತೆಯ ಮುಖದಲ್ಲಿ ನಗು ಇರಲಿಲ್ಲ. ಅವಳ ಬಾಯಿಂದಲೇ ಕೇಳಬೇಕಿತ್ತು ಅವರಿಗೆ.

"ನನಗೋಸ್ಕರ" ಎಂದಳು.

"ಮಾಡ್ತಾನೇ ಇದೀನಿ" ಎಂದರು ಅತ್ತೆ. "ಅಲ್ಲಾಡಬೇಡ, ಸುಮ್ನೆ ಮಲಗು."